ಓದಿಗೂ ಇರಲಿ ಒಂದು ಪಿಗ್ಮಿ ಖಾತೆ

ಮುಂಬಯಿಯಂಥ ಮಹಾನಗರದಲ್ಲಿ ಪುಸ್ತಕ ಓದಲು ಯಾರಿಗೆ ಪುರುಸೊತ್ತಿದೆ ಎಂಬ ಮಾತು ಸಂಘ-ಸಂಸ್ಥೆಗಳ ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ಬೆಳಗ್ಗೆ ಲೋಕಲ್ ರೈಲಿನ ನೂಕುನುಗ್ಗಲು, ಹಗಲೆಲ್ಲ ದುಡಿಮೆ, ರಾತ್ರಿ ಮನೆ ಸೇರುವಾಗ ಸುಸ್ತು. ಈ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಪುರುಸೊತ್ತು ಸಿಕ್ಕಿದ ಮೇಲೆ ಓದುತ್ತೇನೆ ಎಂದವರಿಗೆ ನಿವೃತ್ತಿಯ ಬಳಿಕವೂ ಅದು ಸಿಗುವುದಿಲ್ಲ. ದುಡ್ಡು ಮಿಕ್ಕಿದ ಮೇಲೆ ಉಳಿತಾಯ ಮಾಡುತ್ತೇನೆ ಎನ್ನುವವರ ಪಾಸ್‌ಬುಕ್ಕಿನ ಕಥೆಯೂ ಇದೇ.

ಈ ವಿಷಯದಲ್ಲಿ ಕರಾವಳಿಯವರಿಗೆ ಬೇರೆ ಪಾಠ ಬೇಕಿಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಗಿ, 2020ರಲ್ಲಿ ಕೆನರಾ ಬ್ಯಾಂಕಿನೊಂದಿಗೆ ವಿಲೀನಗೊಂಡ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಏಜೆಂಟರು ಮನೆಬಾಗಿಲಿಗೇ ಬಂದು ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆಯುತ್ತಿದ್ದರು. ಮೊತ್ತ ಚಿಕ್ಕದಾದರೂ ದಿನ ತಪ್ಪದೆ ಕಟ್ಟಿದವರ ಕೈಯಲ್ಲಿ ಕೊನೆಗೆ ಗಂಟು ಉಳಿಯುತ್ತಿತ್ತು.

ಓದಿಗೂ ಇದೇ ಲೆಕ್ಕ. ದಿನಕ್ಕೆ 10 ಪುಟವೆಂದರೆ ವರ್ಷಕ್ಕೆ 3,650 ಪುಟ. 200 ಪುಟಗಳ ಪುಸ್ತಕವಾದರೆ ವರ್ಷಕ್ಕೆ 18. ಹತ್ತು ವರ್ಷಗಳಲ್ಲಿ ಇದು ಒಂದು ಕಪಾಟು ತುಂಬುವಷ್ಟಾಗುತ್ತದೆ.

ಹೊರನಾಡ ಕನ್ನಡಿಗರಿಗೆ ಇದು ಹೊಸತೇನಲ್ಲ. ಹಗಲು ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತ ಹಿರಿಯರ ಪರಂಪರೆ ಈ ನಗರದ್ದು. 1902ರಲ್ಲಿ ಸ್ಥಾಪನೆಯಾದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ರಾತ್ರಿ ಶಾಲೆಗಳನ್ನು ನಡೆಸಿ ಇಂಥವರ ಕೈಹಿಡಿದವು. ಸಾಹಿತಿ ಯಶವಂತ ಚಿತ್ತಾಲರು ಇಲ್ಲಿಯೇ ರಾಸಾಯನಿಕ ಉದ್ಯಮದಲ್ಲಿ ನೌಕರಿ ಮಾಡುತ್ತಲೇ ‘ಶಿಕಾರಿ’ಯಂಥ (1979) ಕಾದಂಬರಿಯನ್ನು ಬರೆದರು. ಊರಿನಲ್ಲಿ ಡಾ. ಶಿವರಾಮ ಕಾರಂತರು ಸ್ವಾತಂತ್ರ್ಯ ಚಳವಳಿಗಾಗಿ ಕಾಲೇಜು ಬಿಟ್ಟವರು. ಸ್ವಂತ ಓದಿನ ಬಲದಿಂದಲೇ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನು ಕನ್ನಡಕ್ಕೆ ಕೊಟ್ಟರು.

ಓದುವ ಅಭ್ಯಾಸ ಕೇವಲ ಸಾಹಿತ್ಯಾಸಕ್ತರಿಗೆ ಸೇರಿದ್ದೂ ಅಲ್ಲ. ‘ಡಿಜಿಟಲ್ ಅರೆಸ್ಟ್’ ಎಂದು ಫೋನಿನಲ್ಲಿ ಬೆದರಿಸಿ ಹಿರಿಯ ನಾಗರಿಕರ ಜೀವಮಾನದ ಗಳಿಕೆಯನ್ನು ದೋಚುವವರಿದ್ದಾರೆ. ಅಂಥ ಬಂಧನ ಕಾನೂನಿನಲ್ಲೇ ಇಲ್ಲ ಎಂಬುದನ್ನು ಪತ್ರಿಕೆಗಳು ಮತ್ತೆ ಮತ್ತೆ ಬರೆದಿವೆ. ಬ್ಯಾಂಕ್ ಠೇವಣಿಗೆ ನಾಲ್ವರವರೆಗೆ ನಾಮಿನಿಗಳನ್ನು ಸೂಚಿಸುವ ಸೌಲಭ್ಯ 2025ರ ನವೆಂಬರ್ 1ರಿಂದ ಜಾರಿಗೆ ಬಂದಿದೆ. ದಿನವೂ ಪತ್ರಿಕೆ ಓದುವವರಿಗೆ ಇಂಥವು ತಾನಾಗಿ ತಿಳಿಯುತ್ತವೆ. ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದನ್ನೆಲ್ಲ ನಂಬುವವರು ಮಾತ್ರ ಮೋಸ ಹೋದ ಮೇಲೆ ತಿಳಿಯಬೇಕಾಗುತ್ತದೆ.

ಅಭ್ಯಾಸ ಬೆಳೆಸಲು ದೊಡ್ಡ ಸಂಕಲ್ಪವೇನೂ ಬೇಡ. ಬೆಳಗಿನ ಚಹಾದ ಹೊತ್ತೋ ರಾತ್ರಿ ಊಟದ ಬಳಿಕವೋ, ಒಂದು ಹೊತ್ತನ್ನು ಗೊತ್ತು ಮಾಡಿಕೊಳ್ಳಬೇಕು. ಆ 20 ನಿಮಿಷ ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಪುಸ್ತಕ ಕಪಾಟಿನೊಳಗೆ ಸೇರದೆ ಕಣ್ಣಿಗೆ ಬೀಳುವಲ್ಲಿರಲಿ. ಹಿಡಿಸದ ಪುಸ್ತಕವನ್ನು ಅರ್ಧಕ್ಕೆ ಬಿಟ್ಟರೂ ತಪ್ಪಿಲ್ಲ, ದಿನದ ಕಂತು ಮಾತ್ರ ತಪ್ಪಬಾರದು. ಓದಿದ್ದರಲ್ಲಿ ಎರಡು ಸಾಲನ್ನು ಹಳೆಯ ಡೈರಿಯಲ್ಲಿ ಬರೆದಿಟ್ಟರೆ ನೆನಪಿನಲ್ಲಿ ಉಳಿಯುತ್ತದೆ.

ಇನ್ನು ಮಕ್ಕಳ ವಿಚಾರ. ಮನೆಯಲ್ಲಿ ತುಳುವನ್ನೋ ಕನ್ನಡವನ್ನೋ ಮಾತನಾಡುವ ಎಷ್ಟೋ ಮೊಮ್ಮಕ್ಕಳಿಗೆ ಕನ್ನಡ ಅಕ್ಷರ ಬಾರದು. ಅಜ್ಜ-ಅಜ್ಜಿಯರು ಓದುವುದನ್ನು ಕಾಣದ ಮಗುವಿಗೆ ಆ ಅಕ್ಷರದ ಮೇಲೆ ಆಸೆ ಹುಟ್ಟುವುದಾದರೂ ಹೇಗೆ? ದಿನಕ್ಕೊಂದು ಪುಟವನ್ನು ಮಗುವಿಗೆ ಗಟ್ಟಿಯಾಗಿ ಓದಿ ಹೇಳುವುದರಿಂದ ಹಿರಿಯರ ಓದೂ ಆಗುತ್ತದೆ, ಮಗುವಿನ ಕಲಿಕೆಯೂ ಆಗುತ್ತದೆ.

ಸಂಘಗಳ ಪಾಲೂ ಇದರಲ್ಲಿದೆ. ದಾನಿಗಳು ಪ್ರೀತಿಯಿಂದ ಕೊಟ್ಟ ಪುಸ್ತಕಗಳು ಹಲವೆಡೆ ಬೀಗ ಹಾಕಿದ ಕಪಾಟಿನಲ್ಲಿವೆ. ಭಾನುವಾರ ಎರಡು ಗಂಟೆ ಕಪಾಟು ತೆರೆದಿಟ್ಟು, ತಿಂಗಳ ಸಭೆಯಲ್ಲಿ ಒಬ್ಬ ಸದಸ್ಯರು ತಾವು ಓದಿದ್ದನ್ನು ಐದು ನಿಮಿಷ ಹೇಳುವ ಕ್ರಮವಿಟ್ಟರೆ ಖರ್ಚೇನೂ ಬಾರದು. ನಗದು ಹಿಂಪಡೆದರೆ ಖಾತೆ ಬರಿದಾಗುತ್ತದೆ. ಓದಿನ ಖಾತೆ ಹಾಗಲ್ಲ, ಹಂಚಿದಷ್ಟೂ ಬೆಳೆಯುತ್ತದೆ. ಕಪಾಟಿನ ಬೀಗದ ಕೈ ಯಾರಲ್ಲಿದೆ ಎಂದು ಸದಸ್ಯರು ಈ ವಾರವೇ ವಿಚಾರಿಸಲಿ. ಅದೇ ಮೊದಲ ಕಂತು.