ಭೌಗೋಳಿಕ ಮಾಹಿತಿ ವ್ಯವಸ್ಥೆ: ಅದರ ಸ್ವರೂಪವೂ ಉಪಯೋಗವೂ

ಒಂದು ಗ್ರಾಮದ ಭೂಮಿಯ ಸಂಗತಿಗಳೆಲ್ಲವೂ ಒಂದೇ ಕಾಗದದಲ್ಲಿ ದೊರೆಯುವುದಿಲ್ಲ. ಸರ್ವೆ ನಂಬರುಗಳ ಮೇರೆಗಳು ಗ್ರಾಮದ ನಕಾಶೆಯಲ್ಲಿಯೂ, ಹಿಡುವಳಿದಾರರ ಹೆಸರು ಮತ್ತು ವಿಸ್ತೀರ್ಣಗಳು ಪಹಣಿಯಲ್ಲಿಯೂ, ಮಣ್ಣಿನ ಗುಣವು ಪರೀಕ್ಷೆಯ ವರದಿಯಲ್ಲಿಯೂ, ಮಳೆಯ ಲೆಕ್ಕವು ಬೇರೊಂದು ದಾಖಲೆಯಲ್ಲಿಯೂ ಇರುವುವು. ಇವೆಲ್ಲವನ್ನೂ ಆಯಾ ಸ್ಥಳಕ್ಕೆ ಹೊಂದಿಸಿ ಒಟ್ಟಾಗಿ ನೋಡಲು ಅನುವು ಮಾಡಿಕೊಡುವ ಗಣಕಯಂತ್ರದ ಏರ್ಪಾಡಿಗೆ ಭೌಗೋಳಿಕ ಮಾಹಿತಿ ವ್ಯವಸ್ಥೆ, ಸಂಕ್ಷೇಪವಾಗಿ ಜಿ.ಐ.ಎಸ್., ಎಂದು ಹೆಸರು. 1960ರ ದಶಕದಲ್ಲಿ ಕೆನಡಾ ದೇಶದ ಭೂಮಿಯ ಲೆಕ್ಕಕ್ಕಾಗಿ ರೋಜರ್ ಟಾಮ್ಲಿನ್‌ಸನ್ ಎಂಬವರು ಇಂಥ ವ್ಯವಸ್ಥೆಯನ್ನು ರೂಪಿಸಿದರು.

ಇದರ ತತ್ತ್ವವು ಸುಲಭವಾದುದು. ಪಾರದರ್ಶಕವಾದ ಹಲವು ಹಾಳೆಗಳ ಮೇಲೆ ಒಂದೇ ಊರಿನ ನಕಾಶೆಯನ್ನು ಒಂದೇ ಅಳತೆಯಲ್ಲಿ ಬರೆದು ಒಂದರ ಮೇಲೊಂದಿಟ್ಟರೆ, ಎಲ್ಲ ಸಂಗತಿಗಳೂ ಒಮ್ಮೆಗೇ ಕಾಣುವುವು. ಜಿ.ಐ.ಎಸ್.ನಲ್ಲಿ ಈ ಹಾಳೆಗಳಿಗೆ ಪದರಗಳೆಂದು ಹೆಸರು. ಬಾವಿಯನ್ನು ಬಿಂದುವಾಗಿಯೂ, ಹಳ್ಳವನ್ನೂ ರಸ್ತೆಯನ್ನೂ ಗೆರೆಯಾಗಿಯೂ, ಹೊಲವನ್ನು ಸುತ್ತುಗೆರೆಯುಳ್ಳ ಆಕೃತಿಯಾಗಿಯೂ ಗುರುತಿಸುವರು. ಉಪಗ್ರಹದ ಚಿತ್ರವು ಸಣ್ಣ ಸಣ್ಣ ಚೌಕಗಳಾಗಿ ಬರುವುದು. ಪ್ರತಿಯೊಂದಕ್ಕೂ ಅಕ್ಷಾಂಶ ರೇಖಾಂಶಗಳಿರುವುದರಿಂದ ಪದರಗಳು ಒಂದಕ್ಕೊಂದು ಸರಿಯಾಗಿ ಕೂಡುವುವು. ಆಕೃತಿಯ ಜೊತೆಯಲ್ಲಿ ವಿಸ್ತೀರ್ಣ, ಬೆಳೆ, ಮಣ್ಣು ಮುಂತಾದ ವಿವರಗಳ ಪಟ್ಟಿಯೂ ಇರುವುದು.

ಉದಾಹರಣೆಗೆ, ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರಿನ ಸುತ್ತಣ ಭೂಮಿಯನ್ನು ತೆಗೆದುಕೊಳ್ಳಬಹುದು. ಚಿತ್ರದುರ್ಗದ ಕಡೆಗೆ ರೈಲುಮಾರ್ಗವು ಕವಲೊಡೆಯುವ ಈ ಸೀಮೆಯಲ್ಲಿ ಮಳೆಯು ನಂಬಿಕೆಗೆ ಅರ್ಹವಾದುದಲ್ಲ. ಅಡಿಕೆಯ ತೋಟಗಳು ಅಂತರ್ಜಲವನ್ನು ಬಹುವಾಗಿ ಆಶ್ರಯಿಸಿವೆ. ಆದುದರಿಂದ ನೀರನ್ನು ತಡೆದು ಇಂಗಿಸುವ ಅಡ್ಡಕಟ್ಟೆಯನ್ನು ಎಲ್ಲಿ ಕಟ್ಟಬೇಕೆಂಬುದು ಮುಖ್ಯವಾದ ಪ್ರಶ್ನೆ. ಹಳ್ಳದ ಪದರ, ಇಳಿಜಾರಿನ ಪದರ, ಮಣ್ಣಿನ ಪದರ ಇವುಗಳನ್ನು ಕೂಡಿಸಿ, ಇಳಿಜಾರು ಅಲ್ಪವಾಗಿ ಮಣ್ಣು ನೀರನ್ನು ಇಂಗಿಸುವಂಥ ಹಳ್ಳದ ಭಾಗಗಳು ಯಾವುವೆಂದು ಕೇಳಿದರೆ ಗಣಕಯಂತ್ರವು ಅವನ್ನು ಆರಿಸಿ ತೋರಿಸುವುದು. ಅನಂತರ ಸರ್ವೆ ನಂಬರಿನ ಪದರವನ್ನು ಇಟ್ಟರೆ, ನೀರು ಯಾವ ಹೊಲಗಳ ಮೇಲೆ ನಿಲ್ಲುವುದೆಂಬುದೂ ತಿಳಿಯುವುದು.

ಈ ಕ್ರಮವು ಜಿಲ್ಲೆಗೆ ಹೊಸದಲ್ಲ. ವಿಶ್ವ ಬ್ಯಾಂಕಿನ ನೆರವಿನಿಂದ 2001ರಲ್ಲಿ ಆರಂಭವಾದ ಸುಜಲ ಜಲಾನಯನ ಯೋಜನೆಯು ಚಿತ್ರದುರ್ಗ ಜಿಲ್ಲೆಯಲ್ಲಿಯೂ ನಡೆದು, ಅದರ ಕೆಲಸಗಳ ಯೋಜನೆಗೂ ತನಿಖೆಗೂ ಉಪಗ್ರಹದ ಚಿತ್ರಗಳನ್ನೂ ಜಿ.ಐ.ಎಸ್.ಅನ್ನೂ ಉಪಯೋಗಿಸಲಾಯಿತು. 2000ದಲ್ಲಿ ಭೂಮಿ ಯೋಜನೆಯಿಂದ ಪಹಣಿಗಳು ಗಣಕಯಂತ್ರಕ್ಕೆ ಸೇರಿದುವು. ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರವು ಸಿದ್ಧಪಡಿಸಿದ ದಿಶಾಂಕ್ ಎಂಬ ಸಾಧನದಿಂದ, ನಿಂತ ನೆಲದ ಸರ್ವೆ ನಂಬರನ್ನು ಮೊಬೈಲ್ ಫೋನಿನಲ್ಲಿಯೇ ನೋಡಬಹುದು.

ಆದರೆ ಇಲ್ಲಿ ಒಂದು ಎಚ್ಚರಿಕೆಯು ಅತ್ಯಾವಶ್ಯಕ. ಗ್ರಾಮದ ನಕಾಶೆಯಲ್ಲಿ 1 ಅಂಗುಲವು ನೆಲದಲ್ಲಿ 660 ಅಡಿಗೆ ಸಮನಾಗಿದ್ದರೆ, ಅರ್ಧ ಮಿಲಿಮೀಟರ್ ದಪ್ಪದ ಗೆರೆಯೇ ನೆಲದಲ್ಲಿ ಸುಮಾರು 13 ಅಡಿ ಅಗಲವಾಗುವುದು. ಫೋನು ತೋರಿಸುವ ಸ್ಥಾನದಲ್ಲಿ ಬಯಲಿನಲ್ಲಿಯೂ ಕೆಲವು ಮೀಟರುಗಳ ವ್ಯತ್ಯಾಸವಿರಬಹುದು. 5 ಮೀಟರ್ ತಪ್ಪಿದರೆ ಅದು 16 ಅಡಿಗೂ ಮೀರುವುದು. ಒಂದು ಗುಂಟೆಯೆಂದರೆ 33 ಅಡಿ ಉದ್ದ, 33 ಅಡಿ ಅಗಲದ ನೆಲ. ಹೀಗಿರುವಲ್ಲಿ ಅದರ ಅರ್ಧದಷ್ಟು ಅಗಲವೇ ಸಂಶಯಕ್ಕೆ ಒಳಗಾದಂತಾಯಿತು. ಆದಕಾರಣ ಫೋನಿನ ಗೆರೆಯನ್ನು ನಂಬಿ ಬದುವನ್ನು ಕೀಳುವುದಾಗಲಿ, ಮೇರೆಯ ಕಲ್ಲನ್ನು ಸರಿಸುವುದಾಗಲಿ, ನೆರೆಹೊರೆಯವರೊಡನೆ ವ್ಯಾಜ್ಯ ಹೂಡುವುದಾಗಲಿ ತರವಲ್ಲ. ಮೇರೆಯ ನಿರ್ಣಯಕ್ಕೆ ಸರ್ವೆ ಇಲಾಖೆಯವರಿಂದ ಹದ್ದುಬಸ್ತು ಅಳತೆಯನ್ನು ಮಾಡಿಸಿಕೊಳ್ಳುವುದೇ ಕ್ರಮವಾದ ಮಾರ್ಗ.

ಒಂದು ಪದರವು ತಪ್ಪಿದರೆ ಅದರ ಮೇಲೆ ಹಾಕಿದ ಲೆಕ್ಕವೆಲ್ಲವೂ ತಪ್ಪುವುದು. ಹಳ್ಳವು ಪಾತ್ರ ಬದಲಿಸಿರುವುದು, ಕಟ್ಟೆಯು ಹೂಳು ತುಂಬಿರುವುದು, ಬಾವಿಯು ಬತ್ತಿರುವುದು ಇವು ಊರಿನವರಿಗೆ ತಿಳಿದಷ್ಟು ಬೇರೆಯವರಿಗೆ ತಿಳಿಯಲಾರವು. ಆದುದರಿಂದ ಗ್ರಾಮದ ಮುಖಂಡರೂ ಜಮೀನುದಾರರೂ, ಜಲಾನಯನದ ಕೆಲಸಕ್ಕೆ ಅಧಿಕಾರಿಗಳು ನಕಾಶೆಯೊಡನೆ ಬಂದಾಗ ಅವರೊಡನೆ ಹಳ್ಳದ ಉದ್ದಕ್ಕೂ ನಡೆದು, ಪದರದಲ್ಲಿರುವುದನ್ನು ನೆಲದಲ್ಲಿರುವುದರೊಡನೆ ಹೋಲಿಸಿ, ಕಂಡ ವ್ಯತ್ಯಾಸಗಳನ್ನು ಬರೆಯಿಸಿ ತಿದ್ದಿಸಬೇಕು. ಕಟ್ಟೆಯು ತಕ್ಕ ಸ್ಥಳದಲ್ಲಿ ನಿಂತು ನೀರು ಇಂಗುವುದು ಆಗಲೇ.