ಮನೆಯಲ್ಲೇ ಧ್ವನಿಮುದ್ರಣ: ಯುಎಸ್‌ಬಿ ಮೈಕ್ ಬಳಸುವುದು ಹೇಗೆ?



ನೀವು ಮನೆಯಲ್ಲಿ ಮುದ್ರಿಸಿ ಕಳಿಸುವ ಕವಿತೆ, ಹಾಡು, ಹಿರಿಯರ ನೆನಪುಗಳನ್ನು ಕೇಳುವುದೆಂದರೆ ನಮಗೆ ಖುಷಿ. ಆದರೆ ಕೆಲವನ್ನು ಪ್ರಸಾರ ಮಾಡಲು ಆಗುವುದಿಲ್ಲ. ಮಾತು ಸೊಗಸಾಗಿರುತ್ತದೆ, ಫ್ಯಾನಿನ ಸದ್ದು ಮಾತಿಗಿಂತ ಜೋರಾಗಿರುತ್ತದೆ!

ಇದು ಬರೀ ಕಾರ್ಯಕ್ರಮದ ಮಾತಲ್ಲ. ಬೀದರ್, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಶಾಲೆಯಲ್ಲಿ ಉರ್ದು ಕಲಿತು ಮನೆಯಲ್ಲಿ ಕನ್ನಡ ಆಡಿದ ಆ ತಲೆಮಾರಿನವರು ನಮ್ಮ ನಡುವೆ ಈಗ ಕೆಲವರೇ. ಅವರ ಕನ್ನಡದ ಧಾಟಿ ಯಾವ ಪುಸ್ತಕದಲ್ಲೂ ಪೂರ್ತಿ ಸಿಗದು. ಅದನ್ನು ಚೆನ್ನಾಗಿ ಮುದ್ರಿಸಿಡಲು ಒಂದು ಯುಎಸ್‌ಬಿ ಮೈಕ್ ಸಾಕು.

ಏನಿದರ ವಿಶೇಷ?
ಮೈಕಿನಿಂದ ಹೊರಡುವ ವಿದ್ಯುತ್ ಸಂಕೇತ ಬಹಳ ಕ್ಷೀಣ. ಅದನ್ನು ಹಿಗ್ಗಿಸಬೇಕು, ನಂತರ ಕಂಪ್ಯೂಟರಿಗೆ ತಿಳಿಯುವ ಅಂಕಿಗಳಾಗಿ ಬದಲಿಸಬೇಕು. ಸ್ಟುಡಿಯೋದಲ್ಲಿ ಇದಕ್ಕೆ ಬೇರೆ ಉಪಕರಣಗಳಿರುತ್ತವೆ. ಯುಎಸ್‌ಬಿ ಮೈಕಿನಲ್ಲಿ ಎರಡೂ ಒಳಗೇ ಇವೆ. ಒಂದೇ ವೈರು, ಅಷ್ಟೇ.

ಜೋಡಿಸುವುದು
ಮೈಕನ್ನು ನೇರವಾಗಿ ಕಂಪ್ಯೂಟರಿಗೇ ಸಿಕ್ಕಿಸಿ. ವಿಂಡೋಸ್‌ನ ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಇನ್‌ಪುಟ್ ಎಂಬಲ್ಲಿ ಮೈಕಿನ ಹೆಸರು ಆರಿಸಿ. ಇಲ್ಲದಿದ್ದರೆ ಲ್ಯಾಪ್‌ಟಾಪಿನ ಸ್ವಂತ ಮೈಕೇ ಕೆಲಸ ಮಾಡುತ್ತಿರುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ! ಅನುಮಾನವಿದ್ದರೆ ಮೈಕನ್ನು ಉಗುರಿನಿಂದ ಮೆಲ್ಲಗೆ ಕೆರೆದು ನೋಡಿ. ಮುದ್ರಿಸಲು ಆಡಾಸಿಟಿ ಎಂಬ ಉಚಿತ ತಂತ್ರಾಂಶವಿದೆ. ಅದರಲ್ಲೂ ಅದೇ ಮೈಕ್ ಆರಿಸಿ, ಮಾತಿಗೆ 'ಮೋನೊ' ಇಡಿ.

ದೂರವೇ ಮುಖ್ಯ
ಬಾಯಿಗೂ ಮೈಕಿಗೂ ನಡುವೆ ಒಂದು ಗೇಣಿಗಿಂತ ತುಸು ಕಡಿಮೆ, ಅಂದರೆ 15ರಿಂದ 20 ಸೆಂ.ಮೀ. ದೂರವಿರಲಿ. ದೂರ ಎರಡರಷ್ಟಾದರೆ ನಿಮ್ಮ ದನಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ, ಕೋಣೆಯ ಸದ್ದು ಮಾತ್ರ ಇಳಿಯುವುದಿಲ್ಲ. ಆಮೇಲೆ ವಾಲ್ಯೂಮ್ ಏರಿಸಿದರೆ ಫ್ಯಾನೂ ಜೊತೆಗೇ ಏರುತ್ತದೆ. ಬ್ಲೂ ಯೇತಿಯಂಥ ಮೈಕುಗಳಿಗೆ ತುದಿಯಲ್ಲಲ್ಲ, ಕಂಪನಿಯ ಗುರುತಿರುವ ಮಗ್ಗುಲಿಗೆ ಮಾತಾಡಬೇಕು.

ನಮ್ಮ ಪ, ಫ, ಬ, ಭ ಅಕ್ಷರಗಳಲ್ಲಿ ಉಸಿರು ಸಿಡಿದು 'ಧಪ್' ಎನ್ನುತ್ತದೆ. ಮೈಕನ್ನು ಬಾಯಿಗೆ ನೇರ ಇಡದೆ ಸ್ವಲ್ಪ ಓರೆಗಿಡಿ. 'ಫಲ, ಭಾರ, ಪಾಪ' ಎಂದು ಹೇಳಿ ಪರೀಕ್ಷಿಸಿ.

ಕೋಣೆ
ಟೈಲ್ಸ್ ನೆಲ, ಬರಿಗೋಡೆಯ ಹಾಲ್ ಬೇಡ, ದನಿ ಗುಂಯ್‌ಗುಡುತ್ತದೆ. ಹಾಸಿಗೆ, ಪರದೆ, ಬಟ್ಟೆ ತುಂಬಿದ ಬೀರು ಇರುವ ಮಲಗುವ ಕೋಣೆಯೇ ಒಳ್ಳೆಯ ಸ್ಟುಡಿಯೋ. ಫ್ಯಾನ್, ಕೂಲರ್ ಆರಿಸಿ. ನಮ್ಮೂರ ಬೇಸಿಗೆಯಲ್ಲಿ ಕಷ್ಟವೇ, ಅದಕ್ಕೇ ಬೆಳಗಿನ ಜಾವ ಆರಿಸಿಕೊಳ್ಳಿ, ಹಾರ್ನ್‌ಗಳ ಕಾಟವೂ ಕಡಿಮೆ. ಮೈಕಿನ ಕೆಳಗೆ ಮಡಿಸಿದ ಟವೆಲ್ ಇಟ್ಟರೆ ಮೇಜಿನ ಸದ್ದು ಬರದು.

ಮಟ್ಟ
ಜೋರಾದ ಮಾತಿಗೂ ಮೀಟರು ಮೈನಸ್ 12ರಿಂದ ಮೈನಸ್ 6ರ ನಡುವೆ ನಿಲ್ಲಲಿ. ಸೊನ್ನೆ ತಾಗಿದರೆ ದನಿ ಒಡೆಯುತ್ತದೆ, ಒಡೆದದ್ದನ್ನು ಪೂರ್ತಿ ಸರಿಪಡಿಸಲಾಗದು. ಮೊದಲು ಅರ್ಧ ನಿಮಿಷ ಮುದ್ರಿಸಿ, ಹೆಡ್‌ಫೋನಿನಲ್ಲಿ ಕೇಳಿ, ಆಮೇಲೆ ಮುಂದುವರಿಯಿರಿ.

ಹಿರಿಯರನ್ನು ಮಾತಾಡಿಸುವಾಗ
ಮೊದಲು ಅವರ ಒಪ್ಪಿಗೆ ಪಡೆಯಿರಿ. ಮೈಕನ್ನು ಅವರ ಕೈಗೆ ಕೊಡಬೇಡಿ, ಮುಂದಿಡಿ. ಪ್ರಶ್ನೆ ಕೇಳಿದ ಮೇಲೆ 'ಹೂಂ, ಹೌದಾ' ಎನ್ನದೆ ತಲೆಯಾಡಿಸಿ ಸಾಕು. ಅವರು ತಡೆದು ನಿಂತಾಗ ಅವಸರಿಸಬೇಡಿ. ಒಳ್ಳೆಯ ಮಾತು ಆ ಮೌನದ ನಂತರವೇ ಬರುತ್ತದೆ.

ಮುಗಿದ ಮೇಲೆ ವೇವ್ ಫೈಲಾಗಿ ಉಳಿಸಿ. ಮೋನೊದಲ್ಲಿ ನಿಮಿಷಕ್ಕೆ ಸುಮಾರು 5 ಎಂಬಿ ಬೇಕು. ನಮಗೆ ಎಂಪಿ3 ಪ್ರತಿ ಕಳಿಸಿದರೆ ಸಾಕು. ಮೂಲವನ್ನು ಮಾತ್ರ ಅಳಿಸಬೇಡಿ, ಎರಡು ಕಡೆ ಇಡಿ. ನಾಳೆ ನಿಮ್ಮ ಮೊಮ್ಮಕ್ಕಳು ಕೇಳುವುದು ಅದನ್ನೇ.

ಕೇಳುತ್ತಿರಿ, ಕೇಳಿಸುತ್ತಿರಿ!