ಪರಿಹಾರದ ಹಣ ಎಲ್ಲಿ ತಡೆಯಿತು? ಪತ್ತೆ ಹಚ್ಚುವ ಬಗೆ

ಧಾರವಾಡ ಜಿಲ್ಲೆಯ ರೈತರ ಖಾತೆಗೆ ಸರ್ಕಾರದ ಕಡೆಯಿಂದ ಬರುವ ಹಣದಲ್ಲಿ ಮುಖ್ಯವಾದವು ಮೂರು. ಒಂದು, ಪಿಎಂ ಕಿಸಾನ್: ವರ್ಷಕ್ಕೆ 6,000 ರೂಪಾಯಿ, ತಲಾ 2,000ದ ಮೂರು ಕಂತು. ಎರಡು, ಬರ ಅಥವಾ ನೆರೆಯಲ್ಲಿ ಕೊಡುವ ಬೆಳೆಹಾನಿ ಪರಿಹಾರ. ಮೂರು, ಕಂತು ಕಟ್ಟಿದವರಿಗೆ ಸಿಗುವ ಬೆಳೆವಿಮೆ. ‘ಪಕ್ಕದ ಹೊಲದವರಿಗೆ ಬಂತು, ನಮಗೆ ಬರಲಿಲ್ಲ’ ಎಂಬ ಮಾತು ಪ್ರತಿ ಹಂಗಾಮಿನಲ್ಲೂ ಕೇಳುತ್ತದೆ. ಹಣ ತಡೆಯುವುದು ಬಹುತೇಕ ನಾಲ್ಕು ಕಡೆ. ಆ ನಾಲ್ಕನ್ನು ತಿಳಿದರೆ ಯಾವ ಕಚೇರಿಗೆ ಹೋಗಬೇಕೆಂಬುದೂ ತಿಳಿಯುತ್ತದೆ.

ಉತಾರ
ಉತಾರ (ಪಹಣಿ) ಇನ್ನೂ ತೀರಿಕೊಂಡ ಅಜ್ಜನ ಹೆಸರಿನಲ್ಲಿದ್ದರೆ ಉಳುವ ಮೊಮ್ಮಗನಿಗೆ ಹಣ ಬರುವುದಿಲ್ಲ. ಮೊದಲು ವಾರಸಾ ಮಾಡಿಸಬೇಕು. ಆಧಾರ್‌ನಲ್ಲಿ ಒಂದು ಹೆಸರು, ಉತಾರದಲ್ಲಿ ಇನ್ನೊಂದು ಇದ್ದರೂ ತೊಡಕೇ. ಇದಕ್ಕೆ ಗ್ರಾಮ ಆಡಳಿತ ಅಧಿಕಾರಿಯನ್ನು ಕಾಣಬೇಕು.

ಎಫ್‌ಐಡಿ
ರಾಜ್ಯದ ‘ಫ್ರೂಟ್ಸ್’ ತಂತ್ರಾಂಶದಲ್ಲಿ ಪ್ರತಿ ರೈತರಿಗೂ ಒಂದು ಗುರುತಿನ ಸಂಖ್ಯೆ (ಎಫ್‌ಐಡಿ) ಇರುತ್ತದೆ. ಆಧಾರ್, ಉತಾರ, ಪಾಸ್‌ಬುಕ್ ಒಯ್ದರೆ ರೈತ ಸಂಪರ್ಕ ಕೇಂದ್ರದಲ್ಲಿ ನೋಂದಣಿ ಮಾಡಿಕೊಡುತ್ತಾರೆ. ಸಂಖ್ಯೆ ಇದ್ದರಷ್ಟೇ ಸಾಲದು, ನಿಮ್ಮ ಎಲ್ಲ ಸರ್ವೆ ನಂಬರುಗಳೂ ಅದಕ್ಕೆ ಸೇರಿರಬೇಕು. ಮೂರು ಕಡೆ ಹೊಲವಿದ್ದು ಒಂದನ್ನೇ ಸೇರಿಸಿದ್ದರೆ, ಪರಿಹಾರದ ಲೆಕ್ಕವೂ ಆ ಒಂದಕ್ಕೇ ನಿಲ್ಲುತ್ತದೆ.

ಬೆಳೆ ಸಮೀಕ್ಷೆ
ಪಿಎಂ ಕಿಸಾನ್‌ಗೆ ಇದು ಬೇಕಿಲ್ಲ. ಪರಿಹಾರ, ವಿಮೆ, ಬೆಂಬಲ ಬೆಲೆಯ ಖರೀದಿಗೆ ಬೇಕೇ ಬೇಕು. ನವಲಗುಂದದ ಎರೆಹೊಲದಲ್ಲಿ ಹೆಸರು ಬಿತ್ತಿ, ಹೆಸರಿಗೇ ವಿಮೆ ಕಟ್ಟಿರುತ್ತೀರಿ. ಸಮೀಕ್ಷೆಯಲ್ಲಿ ಅದೇ ಸರ್ವೆ ನಂಬರಿಗೆ ಹತ್ತಿ ಎಂದು ದಾಖಲಾಗಿದ್ದರೆ ವಿಮೆಯ ಅರ್ಜಿ ತಿರಸ್ಕೃತವಾಗಬಹುದು. ರೈತರೇ ಆ್ಯಪ್‌ನಲ್ಲಿ ಬೆಳೆಯ ಫೋಟೊ ತೆಗೆದು ದಾಖಲಿಸಬಹುದು. ಬೇರೆಯವರು ದಾಖಲಿಸಿದ್ದರೆ ‘ಬೆಳೆ ದರ್ಶಕ’ ಆ್ಯಪ್‌ನಲ್ಲಿ ನೋಡಿ, ತಪ್ಪಿದ್ದರೆ ಅವಧಿಯೊಳಗೆ ಆಕ್ಷೇಪಣೆ ಹಾಕಿ. ಪೈರು ಹೊಲದಲ್ಲಿರುವಾಗಲೇ ಈ ಕೆಲಸ ಮುಗಿಯಬೇಕು. ರಾಶಿ ಆದಮೇಲೆ ತೋರಿಸಲು ಏನೂ ಉಳಿದಿರುವುದಿಲ್ಲ.

ಬ್ಯಾಂಕ್
ಹಣ ಬರುವುದು ಆಧಾರ್ ಸಂಖ್ಯೆಯ ಮೇಲೆ. ಆಧಾರ್ ಹಲವು ಖಾತೆಗಳಿಗೆ ಜೋಡಣೆಯಾಗಿದ್ದರೂ, ಎನ್‌ಪಿಸಿಐ ದಾಖಲೆಯಲ್ಲಿ ಕೊನೆಗೆ ಸೇರಿದ ಬ್ಯಾಂಕಿಗೇ ಹಣ ಹೋಗುತ್ತದೆ. ಬೇರೆ ಯೋಜನೆಗೆಂದು ತೆರೆದು ಮರೆತುಬಿಟ್ಟ ಖಾತೆಯಲ್ಲೇ ಕಂತು ಬಿದ್ದಿರುವುದುಂಟು. ಆಧಾರ್ ಜಾಲತಾಣದಲ್ಲಿ ಯಾವ ಬ್ಯಾಂಕ್ ಜೋಡಣೆಯಾಗಿದೆ ಎಂದು ನೋಡಬಹುದು. ‘ಡಿಬಿಟಿ ಕರ್ನಾಟಕ’ ಆ್ಯಪ್‌ನಲ್ಲಿ ಯಾವ ಹಣ ಯಾವಾಗ ಜಮೆಯಾಯಿತು ಎಂಬುದು ಸಿಗುತ್ತದೆ.

ಎಷ್ಟು ಬರಬೇಕು?
ವಿಪತ್ತು ನಿಧಿಯ 2022ರ ನಿಯಮದಂತೆ, ಬೆಳೆ ಶೇ 33 ಅಥವಾ ಅದಕ್ಕಿಂತ ಹೆಚ್ಚು ಹಾಳಾಗಿದ್ದರೆ ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ. ಗರಿಷ್ಠ 2 ಹೆಕ್ಟೇರ್. ಮಳೆಯಾಶ್ರಿತ ಹೊಲಕ್ಕೆ ಎಕರೆ ಲೆಕ್ಕದಲ್ಲಿ ಇದು ಸುಮಾರು 3,400 ರೂಪಾಯಿ. ಬೀಜ, ಗೊಬ್ಬರದ ಖರ್ಚೂ ಇದರಲ್ಲಿ ಹುಟ್ಟುವುದಿಲ್ಲ. ಅದಕ್ಕೇ ವಿಮೆ ಬೇಕು. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ರೈತರು ವಿಮಾ ಮೊತ್ತದ ಶೇ 2ನ್ನು ಮುಂಗಾರಿಗೆ, ಶೇ 1.5ನ್ನು ಹಿಂಗಾರಿಗೆ, ಶೇ 5ನ್ನು ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗಳಿಗೆ ಕಟ್ಟಬೇಕು. ಆಲಿಕಲ್ಲು ಬಿದ್ದರೆ ಅಥವಾ ಕೊಯ್ದು ಹೊಲದಲ್ಲಿ ಹರವಿದ ಬೆಳೆ ಅಕಾಲಿಕ ಮಳೆಗೆ ತೊಯ್ದರೆ 72 ಗಂಟೆಯೊಳಗೆ ವಿಮಾ ಕಂಪನಿಗೆ ತಿಳಿಸಲೇಬೇಕು.

ಪಿಎಂ ಕಿಸಾನ್ ಕಂತು ನಿಂತಿದ್ದರೆ ಮೊದಲು ಇ-ಕೆವೈಸಿ ಆಗಿದೆಯೇ ನೋಡಿ, ಸಹಾಯವಾಣಿ 155261. ಪರಿಹಾರದ್ದಾದರೆ ತಹಶೀಲ್ದಾರ್ ಕಚೇರಿಗೆ, ವಿಮೆಯದ್ದಾದರೆ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ. ‘ಇನ್ನೂ ಬಂದಿಲ್ಲ, ಕಾಯಿರಿ’ ಎಂಬ ಉತ್ತರಕ್ಕೆ ಹಿಂತಿರುಗಬೇಡಿ. ಉತಾರವೋ, ಎಫ್‌ಐಡಿಯೋ, ಸಮೀಕ್ಷೆಯೋ, ಬ್ಯಾಂಕೋ, ಯಾವುದರಲ್ಲಿ ತಡೆದಿದೆ ಎಂದು ಕಾರಣ ಕೇಳಿ, ಬರೆಸಿಕೊಳ್ಳಿ. ಆ ಕಾರಣ ತಿಳಿಯುವುದು ರೈತರ ಹಕ್ಕು.